ಹೆಂಗಸರ ಓಟು, ಹೆಂಗಸರ ಮೆಂಬರ್‌ಗಿರಿ: ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ವಿಟ್ಲದ ಕಡೆ. ಮದುವೆಯಾಗಿ ಬಂದದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರಕ್ಕೆ. ಬಸ್ಸಿನಲ್ಲಿ ಜಾಸ್ತಿ ಹೊತ್ತಿನ ದಾರಿಯಲ್ಲ, ಆದರೆ ರಾಜ್ಯವೇ ಬೇರೆ: ಅಲ್ಲಿ ಕರ್ನಾಟಕ, ಇಲ್ಲಿ ಕೇರಳ. ಇಲ್ಲಿ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಕಾರ್ಯದರ್ಶಿಯಾಗಿ ಹಲವು ವರ್ಷ ಲೆಕ್ಕ ಬರೆದಿದ್ದೇನೆ. ಚುನಾವಣೆ ಬಂತೆಂದರೆ ಸಾಲದ ಕಂತಿನ ಮಾತು ಮುಗಿದ ಮೇಲೆ ಹೆಂಗಸರು ಮೆಲ್ಲಗೆ ಹತ್ತಿರ ಬಂದು ಕೇಳುವ ಪ್ರಶ್ನೆಗಳಿವೆ. ಸಭೆಯಲ್ಲಿ ಕೇಳುವುದಿಲ್ಲ. ಚಾಪೆ ಮಡಚುವಾಗ, ಇಲ್ಲವೇ ಅಂಗಳ ದಾಟುವಾಗ ಕೇಳುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ನಾನು ಯಾರಿಗೆ ಓಟು ಹಾಕಿದೆ ಅಂತ ಪಾರ್ಟಿಯವರಿಗೆ ಗೊತ್ತಾಗುತ್ತದಾ?

ಇಲ್ಲ, ಗೊತ್ತಾಗುವುದಿಲ್ಲ. ನನಗೆ ಅತಿ ಜಾಸ್ತಿ ಬಂದಿರುವ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೂತಿನೊಳಗೆ ಕೂತಿರುವ ಏಜೆಂಟರು ಊರಿನವರೇ. ನೀವು ಬಂದಿರಾ ಇಲ್ಲವಾ ಅಂತ ಅವರ ಕೈಯಲ್ಲಿರುವ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಯಾರೆಲ್ಲ ಬಂದಿಲ್ಲವೋ ಅವರ ಮನೆಗೆ ಜೀಪು ಬರುವುದು ಈ ಗುರುತಿನ ಆಧಾರದಲ್ಲಿ. ಹಾಗಾಗಿ ನೀವು ಓಟು ಹಾಕಿದ್ದು ಗೊತ್ತಾಗುತ್ತದೆ. ಯಾರಿಗೆ ಹಾಕಿದಿರಿ ಎಂಬುದು ಗೊತ್ತಾಗುವುದಿಲ್ಲ. ಯಂತ್ರದಲ್ಲಿ ನಿಮ್ಮ ಹೆಸರು ಇರುವುದಿಲ್ಲ, ಬರೀ ಲೆಕ್ಕ ಇರುತ್ತದೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಪಕ್ಕದ ಪೆಟ್ಟಿಗೆಯಲ್ಲಿ ಏಳು ಸೆಕೆಂಡು ಒಂದು ಚೀಟಿ ಕಾಣಿಸುತ್ತದಲ್ಲ, ಅದರ ಮೇಲೂ ನಿಮ್ಮ ಹೆಸರಿಲ್ಲ. ನೀವು ಒತ್ತಿದ ಚಿಹ್ನೆ ಸರಿ ಬಂತಾ ಎಂದು ನೀವೇ ನೋಡಿಕೊಳ್ಳಲಿಕ್ಕೆ ಮಾತ್ರ ಅದು.

ಆದರೆ ಹೆಂಗಸರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಪಂಚಾಯತ್ ವಾರ್ಡ್ ಚಿಕ್ಕದು. ಎಣಿಕೆ ಬೂತಿನ ಲೆಕ್ಕದಲ್ಲೇ ಆಗುತ್ತದೆ. ಈ ಬೂತಿನಲ್ಲಿ ನಮಗೆ ಇಷ್ಟು ಬರಬೇಕಿತ್ತು, ಇಷ್ಟೇ ಬಂತು ಅಂತ ಪಾರ್ಟಿಯವರು ಕೂತು ಲೆಕ್ಕ ಹಾಕುತ್ತಾರೆ. ಆಮೇಲೆ 'ಆ ಮನೆಯವರು ಕೈ ಕೊಟ್ಟರು' ಅಂತ ಒಂದು ಮಾತು ಹೊರಡುತ್ತದೆ. ಅದು ಊಹೆ ಮಾತ್ರ. 'ನಮಗೆ ಎಲ್ಲಾ ಗೊತ್ತಾಗಿದೆ' ಅಂತ ಯಾರಾದರೂ ಹೇಳಿದರೆ ನಿಮ್ಮ ಮುಖ ನೋಡಿ ಉತ್ತರ ಹುಡುಕುತ್ತಿದ್ದಾರೆ ಎಂದರ್ಥ. ಓಟಿನ ಗುಟ್ಟು ಕಾಪಾಡುವುದು ಬೂತಿನ ಅಧಿಕಾರಿಗಳ, ಏಜೆಂಟರ ಕರ್ತವ್ಯ ಅಂತ 1951ರ ಜನಪ್ರಾತಿನಿಧ್ಯ ಕಾಯ್ದೆಯ 128ನೇ ಕಲಮಿನಲ್ಲಿದೆ. ಅದನ್ನು ಮುರಿದರೆ ಶಿಕ್ಷೆಯೂ ಇದೆ.

ಮನೆಯವರು ಹೇಳಿದ ಪಾರ್ಟಿಗೆ ಹಾಕದಿದ್ದರೆ ಮೋಸ ಮಾಡಿದ ಹಾಗಾ?

ಅಲ್ಲ.

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಒಳ್ಳೆಯ ಗಂಡ, ಒಳ್ಳೆಯ ಮಾವ ಇರುವ ಮನೆಯವರೇ. ಹೊಡೆತ, ಬೈಗುಳದ ಮನೆಯವರು ಕೇಳುವುದೇ ಇಲ್ಲ. ನಮ್ಮ ಊರುಗಳಲ್ಲಿ ಮನೆಗೊಂದು ಪಾರ್ಟಿ ಎನ್ನುವುದು ಅಂಗಳದ ತುಳಸಿಕಟ್ಟೆಯ ಹಾಗೆ ಗಟ್ಟಿ ಕೂತಿದೆ. ಅಜ್ಜನ ಕಾಲದ ಪಾರ್ಟಿ, ಮಾವನ ಪಾರ್ಟಿ, ಈಗ ಗಂಡನ ಪಾರ್ಟಿ. ಸೊಸೆ ಬಂದ ಮರುದಿನದಿಂದಲೇ ಅವಳ ಓಟೂ ಆ ಲೆಕ್ಕಕ್ಕೆ ಸೇರುತ್ತದೆ. ಯಾರೂ ಅವಳನ್ನು ಕೇಳಿರುವುದಿಲ್ಲ.

ನಮ್ಮ ಯಜಮಾನರ ದೊಡ್ಡಮ್ಮ ಒಬ್ಬರಿದ್ದರು. ಅಕ್ಷರ ಬಾರದು. ಇಡೀ ದಿನ ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು ಅವರ ಕೆಲಸ. ಒಂದು ಚುನಾವಣೆಯ ದಿನ ಅವರ ಜೊತೆ ಶಾಲೆಗೆ ನಡೆದುಕೊಂಡು ಹೋದೆ. ಓಟು ಹಾಕಿ ಹೊರಗೆ ಬಂದಾಗ ಗೇಟಿನ ಹತ್ತಿರ ನಿಂತಿದ್ದ ಭಾವ ನಗುತ್ತಾ ಕೇಳಿದರು, "ದೊಡ್ಡಮ್ಮ, ನಮ್ಮದಕ್ಕೇ ಹಾಕಿದ್ದಲ್ವಾ?" ಅವರು ಶಾಯಿ ಹಚ್ಚಿದ ಬೆರಳನ್ನು ಸೆರಗಿನಿಂದ ಒರೆಸುತ್ತಾ "ಹಾಕಿದೆ ಮಗ" ಅಂದರು. ಅಷ್ಟೇ. ದಾರಿಯಲ್ಲಿ ನಾನೂ ಕೇಳಲಿಲ್ಲ. ಗದ್ದೆಯ ಹುಣಿಯ ಮೇಲೆ ನಡೆಯುವಾಗ ಅವರೇ ಹೇಳಿದರು: "ನನ್ನ ಪೆನ್ಶನ್ ನಿಂತಾಗ ಮೂರು ಸರ್ತಿ ಆಫೀಸಿಗೆ ಬಂದವಳು ಆ ಹುಡುಗಿ. ಅವಳಿಗೆ ಹಾಕದೆ ಬೇರೆ ಯಾರಿಗೆ ಹಾಕಲಿ?" ಆ ಹುಡುಗಿ ನಮ್ಮ ಮನೆಯ ಪಾರ್ಟಿಯವಳಲ್ಲ. ದೊಡ್ಡಮ್ಮ ಅವತ್ತು ರಾತ್ರಿ ಎಂದಿನ ಹಾಗೆ ಊಟ ಮಾಡಿ ಮಲಗಿದರು. ಅವರಲ್ಲಿ ತಪ್ಪಿನ ಭಾವನೆ ಒಂದು ಚೂರೂ ಇರಲಿಲ್ಲ.

ಅವರು ಲೆಕ್ಕ ಹಾಕಿದ ರೀತಿ ನೋಡಿ. ಯಾರು ಕೆಲಸ ಮಾಡಿದರು ಎಂಬುದು ಅವರಿಗೆ ಕಣ್ಣಾರೆ ಗೊತ್ತಿತ್ತು. ಮನೆಯಲ್ಲಿ ನಡೆಯುವ ರಾಜಕೀಯದ ಮಾತು ಗಂಡಸರು ಪೇಟೆಯಿಂದ ತಂದದ್ದು. ಪೆನ್ಶನ್, ನೀರು, ರೇಶನ್, ಅಂಗನವಾಡಿ, ಇವು ಹೆಂಗಸರ ಕಣ್ಣ ಮುಂದೆ ನಡೆಯುವಂಥವು. ಇದು ಕಡಿಮೆ ತಿಳಿವಳಿಕೆ ಅಂತ ನಾನು ಒಪ್ಪುವುದಿಲ್ಲ. ಗಂಡನ ಅಭಿಪ್ರಾಯ ಕೇಳಿ, ಮಾತಾಡಿ, ಒಪ್ಪಿಗೆಯಾದರೆ ಅದಕ್ಕೇ ಹಾಕಿ. ಅದೂ ನಿಮ್ಮ ಓಟೇ. ಒಪ್ಪಿಗೆಯಾಗದಿದ್ದರೆ ಜಗಳ ಮಾಡಬೇಕಾಗಿಲ್ಲ, ಹೇಳಲೂ ಬೇಕಾಗಿಲ್ಲ.

ದೈವದ ಮುಂದೆ ಆಣೆ ಹಾಕಿಸಿದರೆ?

ಹಾಗೆ ಮಾಡಿಸುವುದೇ ಅಪರಾಧ. ಓಟುದಾರರಿಗೆ ದೇವರ ಕೋಪ ತಗಲುತ್ತದೆ ಎಂದು ನಂಬಿಸುವುದನ್ನು ಕಾನೂನು ನೇರವಾಗಿ ಹೆಸರಿಸಿ ಅನುಚಿತ ಒತ್ತಡ ಎನ್ನುತ್ತದೆ. ಮೊದಲು ಭಾರತೀಯ ದಂಡ ಸಂಹಿತೆಯಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಮಿನಲ್ಲಿದೆ. ದುಡ್ಡು, ಸೀರೆ ಕೊಡುವುದು 170ನೇ ಕಲಮಿಗೆ ಬರುತ್ತದೆ. ಅಲ್ಲಿ ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ತಪ್ಪಿತಸ್ಥರೇ ಎಂಬುದು ನೆನಪಿರಲಿ.

ನಾನೂ ದೈವವನ್ನು ನಂಬುವವಳು. ಕೋಲದ ದಿನ ಮನೆಯವರೊಟ್ಟಿಗೆ ಕೈಮುಗಿದು ನಿಲ್ಲುವವಳು. ನಮ್ಮ ದೈವಗಳು ನ್ಯಾಯ ಹೇಳುವ ದೈವಗಳು. ಬಡ ಹೆಂಗಸಿನ ಬಾಯಿ ಕಟ್ಟಲಿಕ್ಕೆ ಅವುಗಳ ಹೆಸರು ತೆಗೆಯುವುದು ನನಗೆ ಸಹಿಸಲಾಗದ ಸಂಗತಿ.

ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅವರ ಓಟು ಯಾರು ಹಾಕಬಹುದು?

ಕಣ್ಣು ಕಾಣದೆಯೋ ಬೇರೆ ದೈಹಿಕ ತೊಂದರೆಯಿಂದಲೋ ಗುಂಡಿ ಒತ್ತಲಾಗದಿದ್ದರೆ 18 ವರ್ಷ ತುಂಬಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಯಾರು ಬರಬೇಕೆಂದು ತೀರ್ಮಾನಿಸುವುದು ಅಜ್ಜಿ. ಗೇಟಿನಲ್ಲಿ ನಿಂತ ಪಾರ್ಟಿಯ ಹುಡುಗ "ಬನ್ನಿ ಅಜ್ಜಿ, ನಾನು ಬರುತ್ತೇನೆ" ಎಂದರೆ ಬೇಡ ಎನ್ನಬಹುದು. ಲೋಕಸಭೆ, ವಿಧಾನಸಭೆ ಚುನಾವಣೆಯ ನಿಯಮದ ಪ್ರಕಾರ ಒಬ್ಬರು ಒಂದು ದಿನದಲ್ಲಿ ಒಬ್ಬರಿಗೆ ಮಾತ್ರ ಹೀಗೆ ಜೊತೆಗಾರರಾಗಬಹುದು. ಗುಟ್ಟು ಬಿಡುವುದಿಲ್ಲ ಎಂದು ಬರೆದು ಸಹಿ ಹಾಕಬೇಕು. ನಮ್ಮ ಕಡೆ ಇದನ್ನು 'ಓಪನ್ ಓಟು' ಎನ್ನುತ್ತಾರೆ. ಆ ಹೆಸರೇ ತಪ್ಪು ದಾರಿ ಹಿಡಿಸುತ್ತದೆ. ಅದು ಓಪನ್ ಅಲ್ಲ, ಅಲ್ಲೂ ಗುಟ್ಟು ಇದೆ.

ಓದಲು ಬಾರದು ಎನ್ನುವುದೊಂದೇ ಇದಕ್ಕೆ ಕಾರಣವಾಗುವುದಿಲ್ಲ. ಚಿಹ್ನೆ ಇರುವುದೇ ಅಕ್ಷರ ಬಾರದವರಿಗಾಗಿ.

ನಾನು ಕರ್ನಾಟಕದಿಂದ ಮದುವೆಯಾಗಿ ಬಂದವಳು. ನನ್ನ ಓಟು ಎಲ್ಲಿ?

ನೀವು ಈಗ ಎಲ್ಲಿ ವಾಸವಾಗಿದ್ದೀರೋ ಅಲ್ಲಿ. ತಾನಾಗಿ ಬರುವುದಿಲ್ಲ, ನೀವೇ ತರಿಸಿಕೊಳ್ಳಬೇಕು. ಪುತ್ತೂರು, ಸುಳ್ಯ, ಬಂಟ್ವಾಳದಿಂದ ಗಡಿ ದಾಟಿ ಬಂದ ಸಾವಿರಾರು ಸೊಸೆಯಂದಿರು ಇಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನ ಕೆಲವು ಚುನಾವಣೆಗಳ ಕಾಲ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತೆ ಉಳಿದುಬಿಡುತ್ತಾರೆ.

ಮನೆ ಬದಲಾದರೆ ಫಾರ್ಮ್ 8 ಹಾಕಬೇಕು. ಬೇರೆ ರಾಜ್ಯದಿಂದ ಬಂದಿದ್ದರೂ ಅದೇ ಫಾರ್ಮ್. ಮೊದಲ ಸಲ ಸೇರುವವರಿಗೆ ಫಾರ್ಮ್ 6. ಹದಿನೆಂಟು ತುಂಬಿತೇ ಎಂದು ನೋಡುವ ದಿನಗಳು ಈಗ ವರ್ಷಕ್ಕೆ ನಾಲ್ಕಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು, ಮೊಬೈಲಿನಲ್ಲೂ ಆಗುತ್ತದೆ, ಬೂತಿನ ಪಟ್ಟಿ ನೋಡಿಕೊಳ್ಳುವ ಬಿಎಲ್ಒ ಮನೆಗೆ ಬಂದಾಗ ಅವರ ಕೈಯಲ್ಲೂ ಕೊಡಬಹುದು.

ಕಷ್ಟ ಇರುವುದು ಹೆಸರಿನಲ್ಲಿ. ಕೇರಳದ ಪಟ್ಟಿಯಲ್ಲಿ ಮನೆ ಹೆಸರು ಮುಖ್ಯ. ನಮ್ಮ ತವರಿನ ಕಾಗದಪತ್ರಗಳಲ್ಲಿ ಅದೆಲ್ಲಿರುತ್ತದೆ? ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ತಿರುಗಿ ಬರುವಾಗ ಬೇರೆಯೇ ಹೆಂಗಸಾಗಿರುತ್ತಾಳೆ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ, ಗಂಡನ ಹೆಸರಿದ್ದ ಜಾಗದಲ್ಲಿ ಮನೆಯ ಹೆಸರು ಬಂದಿತ್ತು. ಸರಿ ಮಾಡಿಸಲು ಮೂರು ಸಲ ಓಡಾಡಿದೆ. ಮೂರನೆಯ ಸಲ ನಾನು ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದುಕೊಂಡು ಹೋದೆ. ಅವತ್ತೇ ಸರಿಯಾಯಿತು. ಅಂದಿನಿಂದ ಸಂಘದ ಹೊಸ ಸೊಸೆಯಂದಿರಿಗೆಲ್ಲ ಹಾಗೇ ಬರೆದುಕೊಡುತ್ತೇನೆ.

ಇನ್ನೊಂದು. 2025ರ ನವೆಂಬರ್‌ನಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾದಾಗ ಇಲ್ಲಿನ 2002ರ ಪಟ್ಟಿಯನ್ನು ಆಧಾರವಾಗಿ ಹಿಡಿದರು. ಗಡಿ ದಾಟಿ ಬಂದವರು ಅಪ್ಪ ಅಮ್ಮನ ಹೆಸರಿರುವ ಹಳೆಯ ಪಟ್ಟಿಯನ್ನು ತವರಿನ ಕಡೆಯಿಂದ ಹುಡುಕಬೇಕಾಯಿತು. ನನ್ನ ಅಮ್ಮನ ಹೆಸರಿರುವ ಪುಟದ ಪ್ರತಿಯನ್ನು ನಾನು ಈಗ ಮದುವೆಯ ಫೋಟೋಗಳ ಜೊತೆಗೇ ಇಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ.

ಕಾರ್ಡ್ ಇದೆ, ಆದರೂ ಪಂಚಾಯತ್ ಚುನಾವಣೆಯಲ್ಲಿ ಹೆಸರಿಲ್ಲ ಎಂದರು. ಯಾಕೆ?

ಪಟ್ಟಿಗಳು ಎರಡು. ಲೋಕಸಭೆ, ವಿಧಾನಸಭೆಯ ಪಟ್ಟಿ ಕೇಂದ್ರ ಚುನಾವಣಾ ಆಯೋಗದ್ದು. ಪಂಚಾಯತಿನ ಪಟ್ಟಿ ಕೇರಳ ರಾಜ್ಯ ಚುನಾವಣಾ ಆಯೋಗದ್ದು. ಒಂದರಲ್ಲಿ ಇದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇರುತ್ತದೆ ಎಂದೇನಿಲ್ಲ. ಎರಡನ್ನೂ ನೋಡಿಸಿಕೊಳ್ಳಿ, ಚುನಾವಣೆ ಹೊಸ್ತಿಲಿಗೆ ಬರುವ ಮೊದಲೇ.

ಪಂಚಾಯತ್ ಚುನಾವಣೆಯಲ್ಲಿ ಮೂರು ಸಲ ಯಾಕೆ ಒತ್ತಬೇಕು?

ಗ್ರಾಮ, ಬ್ಲಾಕ್, ಜಿಲ್ಲೆ ಎಂದು ಮೂರು ಪಂಚಾಯತಿಗೆ ಒಂದೇ ದಿನ ಓಟು. ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ತಿಳಿ ನೀಲಿ ಬಣ್ಣದ ಪಟ್ಟಿ ಯಂತ್ರದ ಮೇಲೆ ಇರುತ್ತದೆ. ಮೂರೂ ಒತ್ತಿದ ಮೇಲೆಯೇ ಉದ್ದಕ್ಕೆ ಬೀಪ್ ಶಬ್ದ ಬರುವುದು. ಯಾವುದಾದರೂ ಒಂದಕ್ಕೆ ಓಟು ಬೇಡ ಎನಿಸಿದರೆ ಉಳಿದದ್ದು ಹಾಕಿ 'ಎಂಡ್' ಗುಂಡಿ ಒತ್ತಬೇಕು. ಇದರಲ್ಲಿ ನೋಟಾ ಇಲ್ಲ, ಚೀಟಿ ಕಾಣುವ ಪೆಟ್ಟಿಗೆಯೂ ಇಲ್ಲ. ಭಾಷಾ ಅಲ್ಪಸಂಖ್ಯಾತರಿರುವ ನಮ್ಮ ಕಡೆಯ ಬೂತುಗಳಲ್ಲಿ ಹೆಸರು ಮಲಯಾಳದ ಜೊತೆಗೆ ಕನ್ನಡದಲ್ಲೂ ಇರುತ್ತದೆ.

ಒಂದು ಒತ್ತಿ ಹೊರಟುಬಿಟ್ಟ ಹೆಂಗಸನ್ನು ಅಧಿಕಾರಿ ತಿರುಗಿ ಕರೆದರೆ ಎಲ್ಲರೂ ನೋಡುತ್ತಾರೆ, ಅವಳಿಗೆ ನಾಚಿಕೆ. ಮುಂದಿನ ಸಲ ಬರುವುದೇ ಬೇಡ ಎನಿಸುತ್ತದೆ. ಅದಕ್ಕೇ ಚುನಾವಣೆಗೆ ಮೊದಲು ಸಂಘದಲ್ಲಿ ರಟ್ಟಿನ ತುಂಡಿನಲ್ಲಿ ಮೂರು ಬಣ್ಣದ ಪಟ್ಟಿ ಅಂಟಿಸಿ ಒಮ್ಮೆ ಅಭ್ಯಾಸ ಮಾಡಿಸಿ.

ಹೆಂಗಸರಿಗೆ ಓಟು, ಮೀಸಲಾತಿ ಇದೆಲ್ಲ ಯಾವಾಗ ಬಂತು?

ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸ್ ಪ್ರಾಂತ್ಯದ ಭಾಗ. ಆ ಪ್ರಾಂತ್ಯದಲ್ಲಿ 1921ರಲ್ಲೇ ಹೆಂಗಸರಿಗೆ ಓಟಿನ ಹಕ್ಕು ಬಂತು, ಆದರೆ ಆಸ್ತಿ ಇದ್ದವರಿಗೆ ಮಾತ್ರ. ಅಂದರೆ ಗದ್ದೆಯಲ್ಲಿ ನೇಜಿ ನೆಡುವವಳಿಗೆ ಇಲ್ಲ, ಗದ್ದೆ ಹೆಸರಲ್ಲಿದ್ದವಳಿಗೆ ಇದೆ. 1926ರಲ್ಲಿ ನಮ್ಮದೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು. ದೇಶದಲ್ಲಿ ಚುನಾವಣೆಗೆ ನಿಂತ ಮೊದಲ ಹೆಂಗಸರಲ್ಲಿ ಒಬ್ಬರು ನಮ್ಮ ಜಿಲ್ಲೆಯವರು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಎಲ್ಲರಿಗೂ ಓಟು ಬಂದದ್ದು ಸಂವಿಧಾನದಿಂದ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ರಾಜ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. 'ಇಂಥವನ ಹೆಂಡತಿ', 'ಇಂಥವನ ತಾಯಿ' ಅಂತಲೇ ಬರೆಸಿದರು. ಹಾಗೆ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ನನ್ನ ಹೆಸರಿನ ಒಂದು ಅಕ್ಷರಕ್ಕಾಗಿ ಓಡಾಡುವಾಗ ನನಗೆ ಅವರ ನೆನಪಾಗಿತ್ತು.

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಂಚಾಯತಿನಲ್ಲಿ ಮೂರರಲ್ಲಿ ಒಂದು ಸ್ಥಾನ ಹೆಂಗಸರಿಗೆ ಸಿಕ್ಕಿತು. ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧ ಸ್ಥಾನ ಮೀಸಲು. ಮೆಂಬರ್ ಸ್ಥಾನ ಮಾತ್ರ ಅಲ್ಲ, ಅಧ್ಯಕ್ಷ ಸ್ಥಾನಗಳಲ್ಲೂ ಅರ್ಧ. ಸಾಮಾನ್ಯ ವಾರ್ಡಿನಲ್ಲಿ ಗೆಲ್ಲುವವರೂ ಸೇರಿ ಈಗ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ ಇದ್ದಾರೆ. 2020ರ ಚುನಾವಣೆಯ ನಂತರ ನಮ್ಮ ಜಿಲ್ಲಾ ಪಂಚಾಯತ್ ಅಧ್ಯಕ್ಷರಾಗಿದ್ದವರು ಪಿ. ಬೇಬಿ ಬಾಲಕೃಷ್ಣನ್.

ಮೆಂಬರ್ ಹೆಂಗಸಾದರೂ ಆಡಳಿತ ಗಂಡನದ್ದೇ ಅಲ್ವಾ?

ಕೆಲವು ಕಡೆ ಹೌದು. ಹೆಂಡತಿಯ ಫೋನನ್ನು ಗಂಡ ಎತ್ತುವುದು, 'ಮೆಂಬರ್ ಇಲ್ಲ, ಏನು ಬೇಕು ಹೇಳಿ' ಎನ್ನುವುದು ನಾನೂ ಕೇಳಿದ್ದೇನೆ. ಆದರೆ ನಮ್ಮ ಕಡೆ ನಾನು ಕಂಡ ಮಟ್ಟಿಗೆ ಗಂಡನಿಗಿಂತ ದೊಡ್ಡ ಬೇಲಿ ಪಾರ್ಟಿಯ ಕಮಿಟಿ. ಪಂಚಾಯತ್ ಸಭೆಗೆ ಮೊದಲು ಕಮಿಟಿ ಸೇರುತ್ತದೆ. ಅದು ಸೇರುವುದು ರಾತ್ರಿ. ಮಗುವಿಗೆ ಊಟ ಮಾಡಿಸಿ, ಮಾವನಿಗೆ ಮಾತ್ರೆ ಕೊಟ್ಟು ಅವಳು ಹೊರಡುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಬೆಳಗ್ಗೆ ಪಂಚಾಯತಿನಲ್ಲಿ ಅವಳು ಕೈ ಎತ್ತುತ್ತಾಳೆ, ಅಷ್ಟೇ. ಇದಕ್ಕೆ ಅವಳನ್ನು ದೂರಬೇಡಿ. ಸಭೆಯ ಹೊತ್ತು ಬದಲಾಯಿಸಿ ಎಂದು ಎಲ್ಲ ಪಾರ್ಟಿಯ ಹೆಂಗಸರೂ ಕೇಳಬೇಕು.

ಮತ್ತೆ, ಮೊದಲ ವರ್ಷ ನೋಡಿ ತೀರ್ಪು ಕೊಡಬೇಡಿ. ಮೊದಲು ಗಂಡನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದ ಮೆಂಬರ್ ಒಬ್ಬಳು ಎರಡನೆಯ ವರ್ಷ ಒಬ್ಬಳೇ ಬಸ್ಸಿನಲ್ಲಿ ಬಂದಳು. ಮೂರನೆಯ ವರ್ಷ ತಾನೇ ಸ್ಕೂಟರ್ ಓಡಿಸಿಕೊಂಡು ಬಂದು ಎಂಜಿನಿಯರ್ ಹತ್ತಿರ ಮೋರಿಯ ಅಳತೆ ಕೇಳಿದಳು. ಅದನ್ನು ನಾನು ಪಂಚಾಯತ್ ವರಾಂಡದಲ್ಲಿ ನಿಂತು ನೋಡಿದ್ದೇನೆ.

ನನಗೆ ಮಲಯಾಳ ಬಾರದು. ಗ್ರಾಮಸಭೆಗೆ ಹೋಗಿ ಏನು ಮಾಡುವುದು?

ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಇಷ್ಟು ಬರೆಯಲು ಕೂತದ್ದು.

ಬೂತಿನಲ್ಲಿ ಮಾತೇ ಬೇಡ, ಬೆರಳು ಸಾಕು. ಅದು ಐದು ವರ್ಷಕ್ಕೊಮ್ಮೆ ಒಂದು ನಿಮಿಷದ ಕೆಲಸ. ಉಳಿದ ದಿನಗಳಲ್ಲಿ ಬೇಕಾದದ್ದು ಬಾಯಿ. ನಮ್ಮ ಕನ್ನಡದ, ತುಳುವಿನ, ಬ್ಯಾರಿ, ಕೊಂಕಣಿ, ಮರಾಟಿ ಮನೆಗಳ ಹೆಂಗಸರು ಅಲ್ಲೇ ಸೋಲುತ್ತಾರೆ. ಗಂಡಸರಿಗೆ ಪೇಟೆಯ ವ್ಯವಹಾರದಿಂದ ಮಲಯಾಳ ಬಂದಿರುತ್ತದೆ. ಮನೆ, ತೋಟ, ಬೀಡಿ ಕಟ್ಟುವ ಮೊರ ಎಂದು ಇದ್ದವಳಿಗೆ ಎಲ್ಲಿಂದ ಬರಬೇಕು? ಸಪ್ತಭಾಷೆಯ ಸಂಗಮ ಭೂಮಿ ಎಂದು ಎಲ್ಲ ವೇದಿಕೆಯಲ್ಲೂ ಹೇಳುತ್ತೇವೆ. ಗ್ರಾಮಸಭೆಯ ನೋಟೀಸು ಮಾತ್ರ ಎಷ್ಟೋ ಸಲ ಒಂದೇ ಭಾಷೆಯಲ್ಲಿ ಬರುತ್ತದೆ.

ಕೇರಳದ ಕಾನೂನಿನಲ್ಲಿ ಗ್ರಾಮಸಭೆ ಎಂದರೆ ವಾರ್ಡಿನ ಓಟುದಾರರೆಲ್ಲರೂ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕರೆಯುವ ಹೊಣೆ ವಾರ್ಡ್ ಮೆಂಬರದ್ದು. ನೂರಕ್ಕೆ ಹತ್ತು ಓಟುದಾರರಾದರೂ ಬಂದಿರಬೇಕು. ಮನೆ, ಹಸು, ಶೌಚಾಲಯ ಯಾರಿಗೆ ಸಿಗಬೇಕೆಂಬ ಪಟ್ಟಿ ಅಲ್ಲಿಗೆ ಬರುತ್ತದೆ. ಆ ಹಾಜರಿಯ ಲೆಕ್ಕ ತುಂಬಿಸುವುದು ಯಾರು ಗೊತ್ತಾ? ನಾವೇ. ಕುಟುಂಬಶ್ರೀಯ ಹೆಂಗಸರು, ಉದ್ಯೋಗ ಖಾತರಿ ಕೆಲಸದವರು. 'ಎಲ್ಲರೂ ಬರಬೇಕು' ಅಂತ ಸಂದೇಶ ಬರುತ್ತದೆ, ಬಂದು ಸಹಿ ಹಾಕುತ್ತೇವೆ, ಚಾ ಕುಡಿದು ಹೋಗುತ್ತೇವೆ.

ಒಂದು ಸಲ ಶಾಲೆಯ ಕೋಣೆಯಲ್ಲಿ ಗ್ರಾಮಸಭೆ. ಮಾರ್ಚ್ ತಿಂಗಳ ಸೆಕೆ. ಮೈಕಿನಲ್ಲಿ ಮಲಯಾಳದ ಭಾಷಣ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಕಾಲನಿಯ ಒಬ್ಬಳು ಎದ್ದಳು. ಮುಂದೆ ಬಂದು ಸೊಂಟದ ಹತ್ತಿರ ಹಿಡಿದಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಒಳಗೆ ಕೆಂಪು ಮಣ್ಣಿನ ಬಣ್ಣದ ನೀರು. "ನೀರ್ ಬರ್ಪುಜಿ" ಅಂದಳು, ತುಳುವಿನಲ್ಲೇ. ನೀರು ಬರುವುದಿಲ್ಲ, ಬಂದರೆ ಹೀಗೆ ಬರುತ್ತದೆ. ಅಷ್ಟು ಹೇಳುವಾಗಲೇ ಅವಳ ಕೈ ನಡುಗುತ್ತಿತ್ತು. ಕೋಣೆ ಗಪ್‌ಚಿಪ್. ಮಲಯಾಳ ಬರುವ ಅಂಗನವಾಡಿ ಟೀಚರ್ ಎದ್ದು ಅದನ್ನೇ ಮಲಯಾಳದಲ್ಲಿ ಹೇಳಿದರು. ಆಮೇಲೆ ನಾಲ್ಕು ಹೆಂಗಸರು ಒಟ್ಟಿಗೆ ಮಾತಾಡಿದರು.

ನಮಗೆಲ್ಲ ಗೆದ್ದಷ್ಟು ಸಂತೋಷ. ಆದರೆ ಎರಡು ತಿಂಗಳಾದರೂ ಏನೂ ಆಗಲಿಲ್ಲ. ಮಿನಿಟ್ಸ್ ಪುಸ್ತಕ ತೆಗೆಸಿ ಓದಿಸಿದೆವು. 'ಕುಡಿಯುವ ನೀರಿನ ಸಮಸ್ಯೆ ಚರ್ಚಿಸಲಾಯಿತು' ಎಂದು ಒಂದೇ ಸಾಲು. ಯಾವ ಕಾಲನಿ, ಎಷ್ಟು ಮನೆ, ಯಾವ ಪೈಪು, ಒಂದೂ ಇಲ್ಲ. ನಾವು ಓದಲಾಗದ ಭಾಷೆಯಲ್ಲಿದ್ದ ಆ ಸಾಲಿನ ಕೆಳಗೆ ನಾವೆಲ್ಲ ಸಹಿ ಹಾಕಿದ್ದೆವು.

ಅವತ್ತಿನಿಂದ ನಾವು ಮೂರು ಕೆಲಸ ಮಾಡುತ್ತೇವೆ. ಹೇಳಬೇಕಾದದ್ದನ್ನು ಸಂಘದಲ್ಲೇ ಕನ್ನಡದಲ್ಲಿ ಬರೆದು, ಎಷ್ಟು ಮನೆ ಎಂಬ ಲೆಕ್ಕದ ಸಮೇತ ಅರ್ಜಿಯಾಗಿ ಕೊಡುತ್ತೇವೆ. ಸಹಿ ಹಾಕುವ ಮೊದಲು ಬರೆದದ್ದನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ ಎನ್ನುತ್ತೇವೆ. ಮಲಯಾಳ ಬರುವ ಒಬ್ಬಳು ನಮ್ಮ ಪಕ್ಕದಲ್ಲೇ ಕೂರುತ್ತಾಳೆ. ಕನ್ನಡದಲ್ಲಿ ಕೊಡುವುದು ಯಾರ ದಯೆಯೂ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದಲೇ ಬಂದ ಹಕ್ಕು ಇದು: ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ, ಈ ಭಾಗದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಜೊತೆಗೆ ನಿಧಾನಕ್ಕೆ ಮಲಯಾಳವನ್ನೂ ಕಲಿಯಿರಿ ಎಂದೇ ನಾನು ಹೇಳುತ್ತೇನೆ. ಕಲಿತರೆ ಕನ್ನಡಕ್ಕೆ ನಷ್ಟವಿಲ್ಲ. ನಾನು ಸೀರಿಯಲ್ ನೋಡಿ ಕಲಿತವಳು.

ಹೆಂಗಸರಿಗೆ ಅಂತ ಪಂಚಾಯತಿನಲ್ಲಿ ಬೇರೆ ದುಡ್ಡು ಇದೆಯಾ?

ಇದೆ. ಯೋಜನೆಯ ಹಣದಲ್ಲಿ ನೂರಕ್ಕೆ ಹತ್ತು ಪಾಲು ಹೆಂಗಸರ ಯೋಜನೆಗಳಿಗೆ ಇಡಬೇಕು. 1996ರಲ್ಲಿ ಕೇರಳದಲ್ಲಿ ಜನಕೀಯ ಆಸೂತ್ರಣ, ಅಂದರೆ ಜನರೇ ಯೋಜನೆ ಮಾಡುವ ಕಾರ್ಯಕ್ರಮ, ಶುರುವಾದ ಮೇಲೆ ಬಂದ ವ್ಯವಸ್ಥೆ ಇದು. ಈ ವರ್ಷ ಅದರಲ್ಲಿ ಏನು ಮಾಡಿದ್ದೀರಿ ಎಂದು ಕೇಳಿ. ಹೊಲಿಗೆ ಮೆಶಿನಿಗೇ ನಿಲ್ಲಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರ ಶೌಚಾಲಯ, ಕತ್ತಲ ದಾರಿಗೆ ದೀಪ, ಇವೂ ಹೆಂಗಸರ ಕೆಲಸಗಳೇ.

ನನ್ನ ಒಂದು ಓಟಿನಿಂದ ಏನಾಗುತ್ತದೆ?

2016ರಲ್ಲಿ ನಮ್ಮ ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು 89 ಓಟಿನ ಅಂತರದಲ್ಲಿ. 2021ರಲ್ಲಿ 745. ನಮ್ಮ ಒಂದು ವಾರ್ಡಿನ ಕುಟುಂಬಶ್ರೀ ಸಂಘಗಳನ್ನೆಲ್ಲ ಒಟ್ಟು ಸೇರಿಸಿದರೆ 89ಕ್ಕಿಂತ ಜಾಸ್ತಿ ಹೆಂಗಸರಿದ್ದೇವೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ 1000 ಗಂಡಸರಿಗೆ 1080 ಹೆಂಗಸರು. ಅದರ ಮೇಲೆ ಎಷ್ಟೋ ಮನೆಯ ಗಂಡಸರು ಗಲ್ಫಿನಲ್ಲಿ. ಸಾಲಿನಲ್ಲಿ ನಿಂತಿರುವುದು ನಾವೇ.

ಹಾಗಾದರೆ ಶಾಸಕಿ, ಸಂಸದೆ ನಮ್ಮಲ್ಲಿ ಯಾಕಿಲ್ಲ?

ಮಂಜೇಶ್ವರದಿಂದ 1957ರಿಂದ 2021ರ ಚುನಾವಣೆಯ ತನಕ ಒಬ್ಬ ಹೆಂಗಸೂ ವಿಧಾನಸಭೆಗೆ ಹೋಗಿಲ್ಲ. ಕಾಸರಗೋಡು ಲೋಕಸಭಾ ಕ್ಷೇತ್ರದಿಂದ 2024ರ ತನಕ ಒಬ್ಬ ಸಂಸದೆಯೂ ಇಲ್ಲ. ಆ ವರ್ಷ ಕನ್ನಡ ಬಲ್ಲ ಎಂ.ಎಲ್. ಅಶ್ವಿನಿ ಬಿಜೆಪಿಯಿಂದ ನಿಂತಿದ್ದರು, ಗೆದ್ದಿಲ್ಲ. ಇಡೀ ಕೇರಳದಲ್ಲೇ 2021ರಲ್ಲಿ 140 ಶಾಸಕರಲ್ಲಿ ಹೆಂಗಸರು 11. 2024ರ ಮಹಾಚುನಾವಣೆಯಲ್ಲಿ 20 ಲೋಕಸಭಾ ಸ್ಥಾನದಲ್ಲಿ ಸೊನ್ನೆ, ಆಮೇಲೆ ವಯನಾಡಿನ ಉಪಚುನಾವಣೆಯಲ್ಲಿ ಪ್ರಿಯಾಂಕಾ ಗಾಂಧಿ ಗೆದ್ದರು.

ಹೆಂಗಸರೇ ಹೆಂಗಸರಿಗೆ ಓಟು ಹಾಕುವುದಿಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಪಂಚಾಯತಿನಲ್ಲಿ ಹಾಕುತ್ತಿದ್ದೇವಲ್ಲ. ಕಾರಣ ಟಿಕೆಟ್. ಕಾನೂನು ಕಡ್ಡಾಯ ಮಾಡಿದ ಕಡೆ ಪಾರ್ಟಿಗಳಿಗೆ ಹೆಂಗಸರು ಸಿಗುತ್ತಾರೆ. ಕಡ್ಡಾಯವಿಲ್ಲದ ಕಡೆ 'ಗೆಲ್ಲುವ ಹೆಂಗಸರಿಲ್ಲ' ಎನ್ನುತ್ತಾರೆ. 2023ರಲ್ಲಿ ಲೋಕಸಭೆ, ವಿಧಾನಸಭೆಗೂ ಮೂರರಲ್ಲಿ ಒಂದು ಮೀಸಲು ಎಂಬ ಕಾನೂನು ಪಾಸಾಯಿತು. ಅದರಲ್ಲಿ ಬರೆದಿರುವ ಕ್ರಮ ಹೀಗೆ: ಮೊದಲು ಹೊಸ ಜನಗಣತಿ, ಆಮೇಲೆ ಕ್ಷೇತ್ರಗಳ ಮರುವಿಂಗಡಣೆ, ಅದಾದ ಮೇಲೆ ಮೀಸಲಾತಿ.

ನನ್ನ ವಾರ್ಡ್ ಮುಂದಿನ ಸಲ ಸಾಮಾನ್ಯ ಆಗುತ್ತದೆ. ಆಗ ನಾನು ಮನೆಗೆ ಹೋಗಬೇಕಾ?

ಬೇಡ. ಸಾಮಾನ್ಯ ವಾರ್ಡ್ ಎಂದರೆ ಗಂಡಸರ ವಾರ್ಡ್ ಅಲ್ಲ. ಯಾರೂ ನಿಲ್ಲಬಹುದು. ಮೀಸಲು ವಾರ್ಡ್‌ಗಳು ಪ್ರತಿ ಚುನಾವಣೆಗೆ ಬದಲಾಗುವುದರಿಂದ ಐದು ವರ್ಷ ಕಲಿತವಳನ್ನು ಪಾರ್ಟಿ 'ನಿನ್ನ ಸರದಿ ಮುಗಿಯಿತು' ಎಂದು ಕೂರಿಸುತ್ತದೆ. ಅಲ್ಲಿಗೆ ಕಲಿತದ್ದೆಲ್ಲ ಅಡಿಗೆಮನೆಗೆ ಹೋಯಿತು. ಈ ಹೊತ್ತಿನಲ್ಲಿ ವಾರ್ಡಿನ ಹೆಂಗಸರು ಬಾಯಿಬಿಡಬೇಕು. ಒಳ್ಳೆಯ ಕೆಲಸ ಮಾಡಿದವಳಾದರೆ ಅವಳನ್ನೇ ನಿಲ್ಲಿಸಿ ಎಂದು ಪಾರ್ಟಿಯ ಮನೆಬಾಗಿಲಿಗೆ ಹೋಗಿ ಹೇಳಬೇಕು. ಸಂಘದಿಂದ ಹತ್ತು ಜನ ಒಟ್ಟಿಗೆ ಹೋದರೆ ಕೇಳಿಸಿಕೊಳ್ಳುತ್ತಾರೆ.

ನನಗೂ ನಿಲ್ಲಬೇಕು ಅಂತ ಇದೆ. ಓದಿದ್ದು ಏಳನೇ ಕ್ಲಾಸು.

ಓದಿನ ಷರತ್ತು ಇಲ್ಲ. 21 ವರ್ಷ ತುಂಬಿರಬೇಕು, ಆ ಪಂಚಾಯತಿನ ಪಟ್ಟಿಯಲ್ಲಿ ಹೆಸರಿರಬೇಕು. ವಿಧಾನಸಭೆ, ಲೋಕಸಭೆಗಾದರೆ 25. ಗೆದ್ದರೆ ಪ್ರಮಾಣ ವಚನಕ್ಕೂ ಹೆದರಬೇಡಿ. ಮಂಜೇಶ್ವರದಿಂದ 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ವಿಧಾನಸಭೆಯಲ್ಲೇ ಕನ್ನಡದಲ್ಲಿ ಪ್ರಮಾಣ ವಚನ ಸ್ವೀಕರಿಸಿದ್ದಾರೆ.

ಹೋದ ಸಲ, 2025ರ ಡಿಸೆಂಬರ್ 11ಕ್ಕೆ ನಮ್ಮಲ್ಲಿ ಪಂಚಾಯತ್ ಓಟು ನಡೆಯಿತು. ಅಂದರೆ ನಿಮ್ಮ ಕೈಯಲ್ಲಿ ಮುಂದಿನ ಚುನಾವಣೆಗೆ ಸುಮಾರು ಐದು ವರ್ಷ ಇದೆ. ಅಷ್ಟರೊಳಗೆ ಒಂದೂ ಗ್ರಾಮಸಭೆ ತಪ್ಪಿಸಬೇಡಿ. ಬರುವಾಗ ಒಂದು ನೋಟ್‌ಬುಕ್ ತನ್ನಿ. ಯಾವ ಮನೆಗೆ ನೀರಿಲ್ಲ, ಯಾರ ಪೆನ್ಶನ್ ನಿಂತಿದೆ, ಯಾವ ದಾರಿಗೆ ಮೋರಿ ಬೇಕು ಎಂದು ಬರೆದಿಟ್ಟುಕೊಳ್ಳಿ. ಏಳನೇ ಕ್ಲಾಸಿನ ಕನ್ನಡ ಅದಕ್ಕೆ ಧಾರಾಳ ಸಾಕು. ನಾಮಪತ್ರ ತುಂಬುವ ದಿನ ಹೇಳಿ ಕಳಿಸಿ. ನಿಮ್ಮ ಹೆಸರನ್ನು ಮೂರು ಭಾಷೆಯಲ್ಲಿ ಬರೆದುಕೊಂಡು ನಾನೂ ಜೊತೆಗೆ ಬರುತ್ತೇನೆ.